ಒಲೆ ಬಿಟ್ಟ ಮನೆಯ ಚಳಿ

ವಿಜಯಪುರ ಜಿಲ್ಲೆಯಲ್ಲಿ ಚಳಿ ಬೀಳುತ್ತದೆ ಎಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಅವರಿಗೆ ಗೊತ್ತಿರುವುದು ನಮ್ಮ ಏಪ್ರಿಲ್ ತಿಂಗಳ ಬಿಸಿಲು, 40 ಡಿಗ್ರಿ ದಾಟಿದ ಮಧ್ಯಾಹ್ನ, ನಾಯಿಯೂ ಓಡಾಡದ ಓಣಿ. ಎಳ್ಳಮಾವಾಸ್ಯೆಯ ಆಚೀಚೆ ಇದೇ ಊರುಗಳಲ್ಲಿ ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು, ರಾಜ್ಯದ ಅತಿ ಚಳಿಯ ಊರುಗಳ ಪಟ್ಟಿಯಲ್ಲಿ ವಿಜಯಪುರದ ಹೆಸರು ಪತ್ರಿಕೆಯಲ್ಲಿ ಬರುವುದು ಅವರ ಗಮನಕ್ಕೆ ಬಂದಿಲ್ಲ. ಮರವಿಲ್ಲದ ಎರೆ ಬಯಲು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಫರ್ಶಿಯ ಮೇಲೆ ಬರಿಗಾಲಿಡಲು ಧೈರ್ಯ ಬೇಕು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೌಕರಿಗಿರುವ ನನ್ನ ಅಕ್ಕನ ಮಗ ಹಳೆಯ ಮನೆಯೊಂದನ್ನು ಕೊಂಡು ಅದಕ್ಕೆ ಹೊಸದಾಗಿ ಗ್ಯಾಸ್ ಬಾಯ್ಲರ್ ಕೂರಿಸಿದ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಬಿಳಿ ಪೆಟ್ಟಿಗೆ ಅದು. ಬೀದಿಯ ಕೊಳವೆಯಿಂದ ಬಂದ ಗ್ಯಾಸು ಅದರೊಳಗೆ ಉರಿದು ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ಕೋಣೆ ಕೋಣೆಯ ರೇಡಿಯೇಟರ್‌ಗಳಿಗೆ ಸುತ್ತಿಸುತ್ತದೆ. ಬಚ್ಚಲಿನ ನಲ್ಲಿಗೂ ಅದೇ ಪೆಟ್ಟಿಗೆಯಿಂದ ಬಿಸಿನೀರು. ಮನೆಯೇನೋ ಬೆಚ್ಚಗಾಯಿತು, ಹುಡುಗನಿಗೆ ಒಗ್ಗಲಿಲ್ಲ. ತುಟಿ ಒಡೆಯುತ್ತದೆ, ನಡುರಾತ್ರಿ ಕೊಳವೆ ಟಿಕ್ಕೆಂದು ನಿದ್ದೆ ಹಾರುತ್ತದೆ, ಗುಂಡಿ ತಿರುಗಿಸಿ 19ಕ್ಕೆ ಇಡಬೇಕೋ 21ಕ್ಕೆ ಇಡಬೇಕೋ ಎಂದು ಗಂಡಹೆಂಡಿರಲ್ಲಿ ದಿನಾ ಜಗಳ. ಒಂದು ದಿನ ಫೋನಿನಲ್ಲಿ ಕೇಳಿದ: “ಮಾಮಾ, ಆಯಿ ಮನ್ಯಾಗ ಇಂಥಾದ್ದೇನೂ ಇದ್ದಿಲ್ಲ. ಆದ್ರೂ ಥಂಡಿ ಹತ್ತತಿದ್ದಿಲ್ಲಲ್ಲ, ಹೆಂಗ?”

ಕೌದಿ ಹೊದ್ದು ಮಲಗುತ್ತಿದ್ದೆವು ಎಂದು ಹೇಳಿ ಫೋನಿಟ್ಟೆ. ಆದರೆ ಕೌದಿ ಮಲಗುವವರಿಗಾಯಿತು, ಎದ್ದು ಓಡಾಡುವವರಿಗೆ? ಜನವರಿಯಲ್ಲಿ ಬಂಧುಬಳಗದವರನ್ನು ಕಾಣಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸುತ್ತು ಹೊರಟಾಗ ಈ ಪ್ರಶ್ನೆಯೂ ನನ್ನ ಜೊತೆ ಬಸ್ಸು ಹತ್ತಿತು. ಜಿಲ್ಲೆ ಕಿತ್ತೂರು ಕರ್ನಾಟಕದ್ದು, ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆಯದು. ಇದರ ತರ್ಕ ನನಗೆ ಇವತ್ತಿಗೂ ಹತ್ತಿಲ್ಲ. ಕಿಟಕಿಯ ಗಾಜುಗಳೆಲ್ಲ ಮುಚ್ಚಿದ್ದವು, ಆದರೂ ಗಾಳಿ ಎಲ್ಲಿಂದಲೋ ನುಸುಳುತ್ತಿತ್ತು. ಹೊರಗೆ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು.

ಇಂಡಿ ಬಂದದ್ದು ಲಿಂಬೆ ತೋಟಗಳಿಂದ ತಿಳಿಯುತ್ತದೆ. ಇಲ್ಲಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೇ ಊರಿನಲ್ಲಿದೆ. ಒಣಗಿದ ಲಿಂಬೆಯ ಟೊಂಗೆ ಒಳ್ಳೆಯ ಉರುವಲು ಎಂಬುದು ಮಾತ್ರ ಯಾವ ಮಾನ್ಯತಾ ಪತ್ರದಲ್ಲೂ ಇರಲಿಕ್ಕಿಲ್ಲ. ನಾನು ಹೋದ ಮನೆಯ ಹಿತ್ತಲಲ್ಲಿ ಅದರದೊಂದು ಹೊರೆ, ಪಕ್ಕದಲ್ಲಿ ತೊಗರಿಕಟ್ಟಿಗೆ, ಅದರಾಚೆ ಕುಳ್ಳಿನ ಬಣವೆ. ಒಳಗೆ ಅಡುಗೆಯ ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸು.

ಅದು ಎರಡು ಮನೆಗಳ ಸಂಸಾರ. ಹಳೆಯದು ಮಣ್ಣಿನ ಮಾಳಿಗೆಯ ಮನೆ, ಅದಕ್ಕೆ ಹೊಂದಿಕೊಂಡೇ ಮಗ ಕಟ್ಟಿಸಿದ ಸ್ಲ್ಯಾಬಿನ ಮನೆ. ಹಳೆಯ ಮನೆಯ ದೊಡ್ಡ ಬಾಗಿಲು ದಾಟಿದರೆ ಮೊದಲು ಎದುರಾಗುವವು ದನಗಳು. ತಗ್ಗಿನ ನೆಲದಲ್ಲಿ ಗ್ವಾದಲಿ, ಎರಡು ಎತ್ತು, ಒಂದು ಎಮ್ಮೆ, ಅದರ ಕರು. ಅದೇ ಸೂರಿನಡಿ, ಎತ್ತರದ ಕಟ್ಟೆಯ ಮೇಲೆ ಪಡಸಾಲೆ. ಅದರಾಚೆ ನಡುಮನೆ, ಒಳಗೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಬಚ್ಚಲು. ಗೋಡೆಯ ದಪ್ಪ ನನ್ನ ಚಾಚಿದ ತೋಳಿಗಿಂತ ಹೆಚ್ಚು. ಬೆಳಕಿಗೆಂದು ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಕಿಟಕಿ ಎಂಬುದು ಹೆಸರಿಗೆ. ದನದ ಮೈಯ ಬಿಸಿ ಒಂದು ಕಡೆಯಿಂದ, ಒಲೆಯ ಬಿಸಿ ಇನ್ನೊಂದು ಕಡೆಯಿಂದ ಈ ಮನೆಯನ್ನು ಕಾಯುತ್ತಿದ್ದವು. ದಪ್ಪ ಗೋಡೆ ಆ ಕಾವನ್ನು ಬೆಳಗಿನವರೆಗೆ ಹಿಡಿದಿಡುತ್ತಿತ್ತು. ಊರಿಗೆ ಬಂದ ನಗರದವರು ದನಗಳನ್ನು ಮನೆಯೊಳಗೆ ಕಟ್ಟುತ್ತಾರಲ್ಲ ಎಂದು ಮೂಗು ಮುರಿಯುತ್ತಾರೆ. ಕಳ್ಳರ ಭಯ ಅದಕ್ಕೊಂದು ಕಾರಣ. ಇನ್ನೊಂದು ಕಾರಣ ತಿಳಿಯಬೇಕಾದರೆ ಪುಷ್ಯ ಮಾಸದಲ್ಲಿ ಆ ಪಡಸಾಲೆಯಲ್ಲಿ ಒಂದು ರಾತ್ರಿ ಮಲಗಬೇಕು.

ಮನೆಯ ಹಿರಿಯಾಕೆಗೆ ಎಂಬತ್ತರ ಆಸುಪಾಸು. ಚಳಿಗಾಲದಲ್ಲಿ ಹೊಸ ಮನೆಯಲ್ಲಿ ಮಲಗಲು ಒಪ್ಪುವುದಿಲ್ಲ. “ಸಿಮಿಟಿನ ಮನಿ ಹಗಲ ಸುಡತದ, ರಾತ್ರಿ ನಡಗಸ್ತದ. ಗ್ಯಾಸ್ ಹಚ್ಚತಾರ, ಆರಸ್ತಾರ, ಗ್ವಾಡಿಗೆ ಗೊತ್ತೇ ಆಗೂದಿಲ್ಲ” ಎಂದಳು. ಆ ಮುದುಕಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ನನ್ನ ಅಳಿಯನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ ಆಗಿತ್ತು. ಒಲೆ ಅಡುಗೆ ಮುಗಿದ ಮೇಲೂ ಬಿಸಿಯಾಗಿರುತ್ತದೆ. ಮಣ್ಣು, ಕಲ್ಲು, ಬೂದಿ, ಕೆಂಡ ಎಲ್ಲ ಸೇರಿ ತಾಸುಗಟ್ಟಲೆ ಕಾವು ಉಗುಳುತ್ತವೆ. ಗ್ಯಾಸಿನ ಗುಣವೇ ಬೇರೆ. ಉರಿ ಪಾತ್ರೆಯ ತಳಕ್ಕೆ ತಾಗುತ್ತದೆ, ಕೆಲಸ ಮುಗಿಸುತ್ತದೆ, ಗುಂಡಿ ತಿರುಗಿಸಿದರೆ ಮಾಯ. ಒಲೆಯ ದೋಷವೆಂದು ಎಣಿಸುವ ಸೋರಿಕೆಯ ಶಾಖವೇ ಜನವರಿಯಲ್ಲಿ ಮನೆಯ ಆಸ್ತಿ.

ಈ ಸೀಮೆಯ ಹೆಂಗಸರ ಹಾಡುಗಳ ನೆನಪಾಯಿತು. ಇಲ್ಲಿಂದ ದೂರವಲ್ಲದ, ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಅವರ ಜೊತೆಗಾರರೂ, ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡಿದ್ದನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ತಂದರು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಅದರ ಜೊತೆ ಹಾಡುವ ಹೊತ್ತೂ ಹೋಯಿತು. ಒಲೆ ಹೋದರೆ ಏನೇನು ಹೋಗುತ್ತದೋ ಎಂದುಕೊಂಡು ಮುದುಕಿಯನ್ನು ಕೇಳಿದೆ: “ಆಯಿ, ಒಲಿ ಮುಂದ ಕುಂತಾಗ ಏನ್ ಹಾಡತಿದ್ರಿ?” ಆಕೆ ನನ್ನನ್ನು ಒಮ್ಮೆ ನೋಡಿದಳು. “ಹೊಗಿಯಾಗ ಬಾಯಿ ತೆರದ್ರ ಕೆಮ್ಮು ಬರತದ ತಮ್ಮಾ. ಹಾಡು ಎಲ್ಲಿಂದ ಬರಬೇಕು?”

ಒಲೆಯ ಬಗ್ಗೆ ಹಳಹಳಿಸುವ ಗಂಡಸರೆಲ್ಲ ಈ ಮಾತನ್ನು ಒಮ್ಮೆ ಕೇಳಬೇಕು. ಆಕೆಯ ಕಣ್ಣೆವೆ ಕೆಂಪು, ಉಸಿರಿನಲ್ಲಿ ಸಣ್ಣ ಸಿಳ್ಳು. 2020ನೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಹೊಗೆಯನ್ನು ಅಳೆದು, ಇದು ಕಾರ್ಖಾನೆಯ ಹೊಗೆಯಷ್ಟೇ ದೊಡ್ಡ ಸಂಗತಿ ಎಂದು ಜೀವಮಾನವಿಡೀ ಹೇಳಿದರು. ನಮ್ಮಲ್ಲಿಯೂ ಅದೇ ಕಾಲಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಒಂದು ಒಲೆ ರೂಪಿಸಿತು. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ಕೇಂದ್ರ ಅದು. ಮೂರು ಪಾತ್ರೆ ಕೂರುವ, ಚಿಮಣಿಯಿಂದ ಹೊಗೆ ಹೊರಹೋಗುವ, ಕಟ್ಟಿಗೆ ಕಡಿಮೆ ಬೇಡುವ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿ ಸೇರಿತು. ನಮ್ಮ ಕಡೆ ಅದು ಅಷ್ಟಾಗಿ ನಿಲ್ಲಲಿಲ್ಲವೆಂದು ಮುದುಕಿಯ ಸೊಸೆ ಹೇಳಿದಳು. ಮುಚ್ಚಿದ ಬಾಯಿಯ ಒಲೆಯಲ್ಲಿ ರೊಟ್ಟಿಯನ್ನು ಎಲ್ಲಿ ನಿಲ್ಲಿಸುವುದು?

ರೊಟ್ಟಿಯ ಕಥೆ ಪೂರಾ ತಿಳಿದದ್ದು ಸಿಂದಗಿಯಲ್ಲಿ. ಊರಿನ ಅಂಚಿನ ಒಂದು ಮನೆಯಲ್ಲಿ ಅತ್ತೆ-ಸೊಸೆ ಕಡಕ ರೊಟ್ಟಿ ಮಾಡಿ ಮಾರುತ್ತಾರೆ. ಅಲ್ಲಿ ಎರಡೂ ಉರಿ ಅಕ್ಕಪಕ್ಕ ನೋಡಲು ಸಿಕ್ಕವು: ಅತ್ತೆಯದು ನೆಲದ ಒಲೆ, ಸೊಸೆಯದು ನಿಂತು ಮಾಡುವ ಗ್ಯಾಸು.

ಅತ್ತೆ ಎಸರು ಕಾಯಿಸಿ ಹಿಟ್ಟಿಗೆ ಸುರಿದು, ಬಿಸಿ ಆರುವ ಮೊದಲೇ ನಾದಿ, ಕೊಣಮಿಗೆಯ ಮೇಲೆ ಉಂಡೆಯಿಟ್ಟು ಬಡಿಯತೊಡಗಿದಳು. ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತಿದೆ ಎನ್ನಿಸುತ್ತದೆ. ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿದಳು. ನೀರು ಆರಿ ಹಿಟ್ಟಿನ ಬಣ್ಣ ಬದಲಾದ ಕ್ಷಣಕ್ಕೆ ತಿರುವಿ ಹಾಕಿದಳು. ಆಮೇಲೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ, ಕೆಂಡಕ್ಕೆ ಎದುರಾಗಿ ನಿಲ್ಲಿಸಿದಳು. ರೊಟ್ಟಿ ನಿಂತಲ್ಲೇ ಉಬ್ಬಿತು. ಅಷ್ಟರಲ್ಲಿ ಮುಂದಿನದು ಹಂಚಿನ ಮೇಲಿತ್ತು. ಒಂದೇ ಬೆಂಕಿಯ ಉರಿಗೊಂದು ರೊಟ್ಟಿ, ಕೆಂಡಕ್ಕೊಂದು ರೊಟ್ಟಿ.

ಸೊಸೆಯ ಗ್ಯಾಸಿನಲ್ಲಿ ಕೆಂಡವಿಲ್ಲ. ಬರ್ನರಿನ ಉರಿ ಬಳೆಯಾಕಾರದಲ್ಲಿ ಹಂಚಿನ ನಡುವಿಗೆ ಹೊಡೆಯುತ್ತದೆ; ಅಗಲವಾದ ಜೋಳದ ರೊಟ್ಟಿಯ ನಡುವೆ ಸೀಯುವ ಹೊತ್ತಿಗೆ ಅಂಚು ಇನ್ನೂ ಹಸಿ. ಮೊದಮೊದಲು ಆಕೆಯ ರೊಟ್ಟಿಗಳು ಹೀಗೆಯೇ ಆಗುತ್ತಿದ್ದವಂತೆ. ಈಗ ದಪ್ಪನೆಯ ಕಬ್ಬಿಣದ ಹಂಚು ತಂದುಕೊಂಡಿದ್ದಾಳೆ, ಸಿಮ್‌ನಲ್ಲಿಟ್ಟು ಹಂಚನ್ನು ಚೆನ್ನಾಗಿ ಕಾಯಿಸಿಕೊಳ್ಳುತ್ತಾಳೆ, ರೊಟ್ಟಿ ಹಾಕಿದ ಮೇಲೆ ಉರಿ ದೊಡ್ಡದು ಮಾಡಿ ಹಂಚನ್ನೇ ಆಚೀಚೆ ಸರಿಸಿ ಅಂಚಿಗೆ ಉರಿ ಕೊಡುತ್ತಾಳೆ, ಕಡೆಗೆ ಅರಿವೆಯ ಉಂಡೆಯಿಂದ ಒತ್ತಿ ಉಬ್ಬಿಸುತ್ತಾಳೆ. ಹಂಚು ತೆಗೆದು ನೇರ ಉರಿಗೆ ಹಿಡಿಯುವುದೂ ಉಂಟು, ಆದರೆ ಕಪ್ಪು ಚುಕ್ಕೆ ಬೀಳುತ್ತದೆ. ಮಾರುವ ರೊಟ್ಟಿಗೆ ಅದು ನಡೆಯುವುದಿಲ್ಲ. ಈ ಕೈಚಳಕವನ್ನು ಯಾರೂ ಕಲಿಸಿದ್ದಲ್ಲ. ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾಗಿ, 2019ರ ಸೆಪ್ಟೆಂಬರ್ ಹೊತ್ತಿಗೆ ಎಂಟು ಕೋಟಿ ಮನೆ ಮುಟ್ಟಿತು; ನಮ್ಮ ಸರ್ಕಾರದ ಅನಿಲ ಭಾಗ್ಯವೂ ಅದರ ಬೆನ್ನಿಗೇ ಬಂತು. ಸಿಲಿಂಡರ್ ಕೊಟ್ಟರು, ಒಲೆ ಕೊಟ್ಟರು. ಜೋಳದ ರೊಟ್ಟಿಯ ಊರುಗಳಿಗೆ ಎಂಥ ಬರ್ನರು ಬೇಕು ಎಂದು ಯಾರಾದರೂ ಕೇಳಿದ್ದರೆ ಸೊಸೆಯ ಒಂದು ವರ್ಷದ ಸುಟ್ಟ ರೊಟ್ಟಿ ಉಳಿಯುತ್ತಿತ್ತು.

ರೊಟ್ಟಿಗಿಂತ ಮೊದಲು ಹೆದರಿಕೆಯನ್ನು ಗೆಲ್ಲಬೇಕಿತ್ತು. ಸಿಲಿಂಡರ್ ಬಂದ ಹೊಸತರಲ್ಲಿ ಅತ್ತೆ ಅಡುಗೆಮನೆಯ ಹೊರಗೆ ನಿಂತು ಸೊಸೆಗೆ “ಹುಷಾರವ್ವಾ” ಎನ್ನುತ್ತಿದ್ದಳಂತೆ. ಗ್ಯಾಸಿನ ಮೇಲೆ ಬೇಯಿಸಿದ್ದನ್ನು ತಿಂದರೆ ಹೊಟ್ಟೆಯಲ್ಲೂ ಗ್ಯಾಸ್ ಆಗುತ್ತದೆ ಎಂದು ಮಾವ ವರ್ಷಗಟ್ಟಲೆ ನಂಬಿದ್ದ. ಈಗ ಸೊಸೆ ರೆಗ್ಯುಲೇಟರ್ ಕೂರಿಸುವುದನ್ನು ನೋಡಬೇಕು: ಬಿರಡೆ ತೆಗೆದು ಒಳಗಿನ ರಬ್ಬರ್ ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿ, ರೆಗ್ಯುಲೇಟರ್ ಒತ್ತಿ ‘ಕಟ್’ ಸಪ್ಪಳ ಕೇಳಿ, ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾಳೆ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಬರೆದ ಎ, ಬಿ, ಸಿ, ಡಿ ಅಕ್ಷರ ಮತ್ತು ಇಸವಿ, ಅಂದರೆ ಯಾವ ವರ್ಷದ ಯಾವ ಮೂರು ತಿಂಗಳಲ್ಲಿ ಅದನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕು ಎಂಬ ಗುರುತು, ಆಕೆಗೆ ಓದಲು ಬರುತ್ತದೆ. ಅವಧಿ ಮುಗಿದದ್ದನ್ನು ಗಾಡಿಯವನಿಗೆ ವಾಪಸು ಕಳಿಸಿದ್ದೂ ಇದೆ. ನಗರದ ಎಷ್ಟು ಮನೆಗಳಲ್ಲಿ ಈ ಪಟ್ಟಿಯನ್ನು ಓದುತ್ತಾರೋ! ತೀರುತ್ತ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸಿ ಕಡೆಯ ರೊಟ್ಟಿಗಳನ್ನು ಸುಡುವ ಚಟ ಮಾತ್ರ ಈ ಮನೆಯನ್ನೂ ಬಿಟ್ಟಿಲ್ಲ. ದ್ರವ ನೇರ ರೆಗ್ಯುಲೇಟರಿಗೆ ಇಳಿದರೆ ಉರಿ ಭಗ್ಗೆನ್ನುತ್ತದೆ. ಹೇಳಿದೆ, ತಲೆಯಾಡಿಸಿದಳು.

14.2 ಕಿಲೋದ ಆ ಸಿಲಿಂಡರಿನ ಬೆಲೆ 2022ರಲ್ಲಿ ಸಾವಿರ ರೂಪಾಯಿ ದಾಟಿತ್ತು. ಉಜ್ವಲಾದವರಿಗೆ ಆಗ 200, ಮುಂದಿನ ವರ್ಷ 300 ರೂಪಾಯಿ ಸಬ್ಸಿಡಿ ಆಯಿತು. ಆದರೆ ಹೊಲದ ತೊಗರಿಕಟ್ಟಿಗೆಗೆ, ಮನೆಯ ದನದ ಕುಳ್ಳಿಗೆ ಕೈಯಿಂದ ದುಡ್ಡು ಬಿಚ್ಚಬೇಕಾಗಿಲ್ಲ. ಹಾಗಾಗಿ ಚಹಾ, ಹಾಲು, ಪಲ್ಯ, ರಾತ್ರಿ ಬಂದ ಬೀಗರಿಗೆ ಉಪ್ಪಿಟ್ಟು ಗ್ಯಾಸಿನ ಮೇಲೆ. ರೊಟ್ಟಿಯ ದೊಡ್ಡ ಗಂಟು, ಬಚ್ಚಲ ಹಂಡೆ, ದನಕ್ಕೆ ಬೇಯಿಸುವುದು ಒಲೆಯ ಪಾಲಿಗೆ. ಗ್ಯಾಸ್ ಕೊಟ್ಟರೂ ಈ ಹೆಂಗಸರು ಒಲೆ ಬಿಡುವುದಿಲ್ಲವೆಂದು ವರದಿ ಬರೆಯುವವರು ಒಲೆಯ ಕೆಲಸಗಳನ್ನು ಎಣಿಸಿರುವುದಿಲ್ಲ. ಗ್ಯಾಸ್ ಆ ಕೆಲಸಗಳಲ್ಲಿ ಒಂದನ್ನು ಮಾತ್ರ ವಹಿಸಿಕೊಂಡಿದೆ. ಲೀಡ್ಸಿನ ಬಾಯ್ಲರಿನದು ತಿರುಗಾಮುರುಗಾ: ಹಂಡೆಯ ಕೆಲಸ, ಮನೆ ಕಾಯಿಸುವ ಕೆಲಸ ಎರಡನ್ನೂ ಅದು ಮಾಡುತ್ತದೆ, ರೊಟ್ಟಿ ಸುಡುವುದಿಲ್ಲ. ಅಲ್ಲಿಯೂ ಇದು ಸುಲಭಕ್ಕೆ ಬಂದದ್ದೇನಲ್ಲ. ಕೋಣೆಗೊಂದು ಕಲ್ಲಿದ್ದಲ ಬೆಂಕಿ ಉರಿಸುತ್ತಿದ್ದ ಲಂಡನ್ನಿನಲ್ಲಿ 1952ರ ಡಿಸೆಂಬರಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು; 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು; ಉತ್ತರ ಸಮುದ್ರದಲ್ಲಿ ಗ್ಯಾಸು ಸಿಕ್ಕ ಮೇಲೆ 1967ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಬರ್ನರ್ ಬದಲಿಸಿದರು. ಸರ್ಕಾರವೇ ಮನೆಮನೆಗೆ ಬಂದು ಬರ್ನರ್ ಬದಲಿಸಿಕೊಟ್ಟ ಸಂಗತಿ ಸಿಂದಗಿಯ ಸೊಸೆಗೆ ಹೇಳಿದಾಗ ಆಕೆಗೆ ನಗು ತಡೆಯಲಾಗಲಿಲ್ಲ.

ತಾಳಿಕೋಟೆಯ ಮೇಲೆ ಮುದ್ದೇಬಿಹಾಳ ಸೇರುವಾಗ ಕತ್ತಲಾಗಿತ್ತು. ಇಲ್ಲಿ ಉಳಿದದ್ದು ಬಂಧುಗಳ ಹೊಸ ಮನೆಯಲ್ಲಿ. ಮನೆಯಲ್ಲಿ ಬಾಣಂತಿ. ಬಚ್ಚಲಿಗೆ ಹೊಸದಾಗಿ ಗ್ಯಾಸ್ ಗೀಜರ್ ಬಂದಿತ್ತು: ನಲ್ಲಿ ತಿರುಗಿಸಿದರೆ ಭುಸ್ಸೆಂದು ಉರಿ ಹತ್ತಿ ಕ್ಷಣದಲ್ಲಿ ಕುದಿನೀರು. ಈ ಸೀಮೆಯ ಪೇಟೆಗಳಲ್ಲಿ ‘ಗ್ಯಾಸಿನಿಂದ ಬಿಸಿ’ ಎಂಬ ಮಾತಿಗೆ ಅತಿ ಹತ್ತಿರದ್ದು ಇದೇ. ಸ್ನಾನಕ್ಕೆ ಹೋದವನು ಮೇಲೆ ನೋಡಿದೆ. ಗೀಜರ್ ಒಳಗೇ ಇದೆ, ಸಿಲಿಂಡರೂ ಒಳಗೇ ಇದೆ, ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದಾರೆ. ಬಾಣಂತಿಗೆ ಥಂಡಿ ಹತ್ತೀತೆಂದು.

ಇದು ಪ್ರೀತಿಯಿಂದ ಮಾಡಿದ ಅಪಾಯ. ಗಾಳಿ ಸಾಲದ ಕೋಣೆಯಲ್ಲಿ ಗ್ಯಾಸು ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಗ್ಯಾಸು ಮೂಗಿಗೆ ತಿಳಿಯಲೆಂದು ಬೆರೆಸುವ ಮರ್‌ಕ್ಯಾಪ್ಟನ್ನಿನ ಕೊಳೆತ ವಾಸನೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಉರಿಯುವ ಮೊದಲಿನ ಗ್ಯಾಸಿಗೆ ಕಾವಲು, ಉರಿದ ಮೇಲಿನದಕ್ಕಲ್ಲ. ನೆತ್ತರಿನಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಈ ಅನಿಲ ಇನ್ನೂರು ಪಟ್ಟಿಗೂ ಹೆಚ್ಚು ಬಲದಿಂದ ಹಿಡಿಯುತ್ತದೆ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದಿದ್ದರು ಎಂಬ ಸುದ್ದಿ ಪ್ರತಿ ಚಳಿಗಾಲ ನಮ್ಮ ಪತ್ರಿಕೆಗಳಲ್ಲಿ ಬರುವುದು ಇದರಿಂದಲೇ. ಲೀಡ್ಸಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯಾದರೆ ನೋಂದಾಯಿತ ಮಿಸ್ತ್ರಿ ವರ್ಷಕ್ಕೊಮ್ಮೆ ಬಂದು ಗ್ಯಾಸಿನ ಉಪಕರಣ ನೋಡಿ ಚೀಟಿ ಕೊಡಲೇಬೇಕು ಎಂಬ ಕಾನೂನಿದೆ. ಇಲ್ಲಿ ಕೂರಿಸಿದವನು ಹಣ ಎಣಿಸಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ.

ಗೋಣಿಚೀಲ ಕಿತ್ತು ತಂದು ಪಡಸಾಲೆಯಲ್ಲಿ ಹಾಕಿ, ಬೆಳಿಗ್ಗೆಯೇ ಗೀಜರನ್ನೂ ಸಿಲಿಂಡರನ್ನೂ ಹಿತ್ತಲ ಗೋಡೆಯ ಆಚೆ ಹಾಕಿಸಿರೆಂದು ಹೇಳಿದೆ. ಮನೆಯ ಯಜಮಾನತಿಗೆ ಸಿಟ್ಟು ಬಂತು. “ಕೂಸಿನ ತೆಲಿಗೆ ಗಾಳಿ ಹೊಕ್ಕರ ನೀವು ಬರ್ತೀರೇನ್ರಿ?” ನಾನು ವಾದಿಸಲಿಲ್ಲ, ಚೀಲವನ್ನು ಮಾತ್ರ ಕೊಡಲಿಲ್ಲ. ಬಾಣಂತಿಯ ಕೋಣೆಗೆ ಹೋದರೆ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಉದುರಿಸಿದ ಅಜವಾನದ ಘಮ. ಗ್ಯಾಸಿನಲ್ಲಿ ಕೆಂಡ ಹುಟ್ಟದ್ದರಿಂದ ಈ ಆರ್‌ಸಿಸಿ ಮನೆಯ ಹಿಂದೆ ಮೂರು ಕಲ್ಲಿನ ಒಲೆಯೊಂದನ್ನು ಬಾಣಂತನಕ್ಕೆಂದೇ ಹೂಡಿದ್ದರು. ಕೆಂಡದಲ್ಲೂ ಇರುವುದು ಅದೇ ವಿಷಾನಿಲ. ಮಣ್ಣಿನ ಮಾಳಿಗೆಯ ಬೆಳಕಿಂಡಿ, ಒಂದಕ್ಕೊಂದು ಕೂಡದ ಬಾಗಿಲಿನ ಹಲಗೆಗಳು ಹಳೆಯ ಕಾಲದ ಎಷ್ಟೋ ಬಾಣಂತಿಯರನ್ನು ತಿಳಿಯದೆಯೇ ಕಾಪಾಡಿದವು. ಅಲ್ಯೂಮಿನಿಯಂ ಕಿಟಕಿಯ ಈ ಕೋಣೆಗೆ ಅಂಥ ಸಂದು ಇಲ್ಲ. ಹೊರಡುವಾಗ ಆ ಕಿಟಕಿಯನ್ನು ಮೂರು ಬೆರಳು ಸರಿಸಿದ್ದೆ. ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿ ಕೇಳಿದಾಗ ಹಾಗೇ ಇದೆ ಎಂದರು. ನಂಬಿದೆ.

ಬಾಗೇವಾಡಿಯ ದಾರಿಯಲ್ಲಿ ಬಸ್ಸಿನವರೆಲ್ಲ ಕೂಡಗಿಯ ಮಾತಾಡುತ್ತಿದ್ದರು. ಹಳೆಯ ಬಾಗೇವಾಡಿ ತಾಲ್ಲೂಕಿನ ಈ ಊರಿನಲ್ಲಿ ಎನ್‌ಟಿಪಿಸಿಯ ಸ್ಥಾವರ ಕಲ್ಲಿದ್ದಲು ಸುಟ್ಟು ವಿದ್ಯುತ್ತು ಮಾಡುತ್ತದೆ: 800 ಮೆಗಾವಾಟಿನ ಮೂರು ಘಟಕ, ಒಟ್ಟು 2400. ಆಲಮಟ್ಟಿಯ ನೀರು ಅದರ ದಾಹಕ್ಕೆ. ಇಡೀ ಜಿಲ್ಲೆಯ ಒಲೆಗಳನ್ನೆಲ್ಲ ಸೇರಿಸಿದರೂ ಸಾಟಿಯಾಗದ ಬೆಂಕಿ ಹೊಲಗಳ ನಡುವೆ ಉರಿಯುತ್ತಿದೆ, ಅದರ ಬಿಸಿ ಮಾತ್ರ ಸುತ್ತಲಿನ ಯಾವ ಹಳ್ಳಿಯ ಬಚ್ಚಲಿಗೂ ನೇರವಾಗಿ ಬರುವುದಿಲ್ಲ. ತಂತಿಯ ಮೇಲೆ ಬಂದದ್ದನ್ನು ಬಕೆಟ್ಟಿನಲ್ಲಿ ಇಳಿಬಿಟ್ಟ ಕಾಯಿಲ್ ಹೀರಿ ನೀರು ಕಾಯಿಸುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕಾಯಿಲ್ಲಿನ ವ್ಯಾಪಾರ ಜೋರಾಗಿದೆ ಎಂದು ಪಕ್ಕದ ಸೀಟಿನ ಎಲೆಕ್ಟ್ರಿಕ್ ಅಂಗಡಿಯಾತ ಹೇಳಿದ.

ಬಸವಣ್ಣ ಹುಟ್ಟಿದ ಊರಿಗೆ ಬಂದವರು ಬಸವೇಶ್ವರ ದೇವಸ್ಥಾನಕ್ಕೆ ಹೋಗದಿರುವುದಿಲ್ಲ. ಅಲ್ಲಿ ಕೂತಾಗ ನನಗೆ ನೆನಪಾದವನು ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ದಾಸೋಹ ನಡೆಸಿದನೆಂದು ಶರಣರ ಕಥೆ ಹೇಳುತ್ತದೆ. ಚಳಿಯ ನಾಡಿನಿಂದ ಬಂದವನು ಆರಿಸಿಕೊಂಡ ಕಾಯಕ ಬೆಂಕಿಗೆ ಬೇಕಾದದ್ದನ್ನು ಹೊರುವುದು. ಕಟ್ಟಿಗೆ ಹೊರುವ ಕೆಲಸವನ್ನು ಅಷ್ಟು ಎತ್ತರಕ್ಕೇರಿಸಿದ ನಾಡಿನಲ್ಲಿ ಆ ಹೊರೆ ಮುಂದೆ ಹೆಂಗಸರ ತಲೆಯ ಮೇಲೇ ಉಳಿದದ್ದು ಹೇಗೆ ಎಂಬ ತಕರಾರು ನನಗಿದೆ.

ಉಳಿದುಕೊಂಡ ಮನೆಯಲ್ಲಿ ಜಗಳ ನಡೆದಿತ್ತು. ಮಗನ ಮದುವೆ ಬೇಸಿಗೆಗೆ. ಅದಕ್ಕೂ ಮೊದಲು ಬಚ್ಚಲ ಒಲೆ ಒಡೆದು ಟೈಲ್ಸ್ ಹಾಕಿಸಬೇಕೆಂದು ಅವನ ಹಟ. ಹೊಸ ಸೊಸೆ ಹುಬ್ಬಳ್ಳಿಯವಳು, ಹಂಡೆಯ ಮಸಿ ನೋಡಿ ಏನೆಂದುಕೊಂಡಾಳು! ಗೌಂಡಿ ಸುತ್ತಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದ. ತಾಯಿ ಒಲೆಯ ಮುಂದಿನಿಂದ ಏಳಲಿಲ್ಲ. ಗ್ಯಾಸು ಬಂದು ವರ್ಷಗಳಾಗಿವೆ, ಅಡುಗೆಯೆಲ್ಲ ಆಕೆ ಅದರ ಮೇಲೇ ಮಾಡುತ್ತಾಳೆ, ಹೊಗೆ ತಪ್ಪಿದ್ದಕ್ಕೆ ದೇವರಿಗೆ ಕೈಮುಗಿಯುತ್ತಾಳೆ. ಆದರೆ ಈ ಒಲೆಯ ಲೆಕ್ಕ ಬೇರೆ. ಎಂಟು ಜನರ ಸ್ನಾನ, ಮಳೆಗಾಲದಲ್ಲಿ ಒಣಗದ ಅರಿವೆ, ಮುಂಜಾನೆ ಕೈಕಾಲು ಕಾಯಿಸಿಕೊಳ್ಳುವ ಮಾವ, ಪಾತ್ರೆ ತಿಕ್ಕಲು ಬೂದಿ. ಒಂದೊಂದನ್ನೂ ಬೆರಳು ಮಡಚಿ ಹೇಳಿದಳು. ಸ್ನಾನದ್ದು ಗೀಜರಿಗೆ ಎಂದ ಮಗ. ಕರೆಂಟ್ ಹೋದರೆ? ಸೋಲಾರ್ ಎಂದ. ಮೋಡವಿದ್ದರೆ? ಗ್ಯಾಸಿನದು ಎಂದ. ಅಷ್ಟು ಹೊತ್ತು ಸುಮ್ಮನಿದ್ದ ನಾನು ಮುದ್ದೇಬಿಹಾಳದ ಗೋಣಿಚೀಲದ ಕಥೆ ಹೇಳಿದೆ. ತಾಯಿಗೆ ಬಲ ಬಂತು.

“ಒಲಿ ಒಡಿ, ನಾ ಬ್ಯಾಡ ಅನ್ನೂದಿಲ್ಲ. ಮದಲ ಸೋಲಾರ್ ಮ್ಯಾಲೆ ಏರಸು, ನೀರು ಕಾದದ್ದು ನನ್ನ ಕೈಗೆ ತಾಗಲಿ. ನಿಮ್ಮ ಮುತ್ಯಾಗ ಒಂದು ರಗ್ಗು ತಾ. ಆಮ್ಯಾಲೆ ಸುತ್ತಿಗಿ ನಾನs ಹಿಡೀತೀನಿ.”

ಮಗ ಗೌಂಡಿಯ ಮುಖ ನೋಡಿದ. ಗೌಂಡಿ ದಿನಗೂಲಿಯ ಮನುಷ್ಯ, ಕಾಯುವಂತಿರಲಿಲ್ಲ. ಬಚ್ಚಲ ಬಿಟ್ಟು ಪಡಸಾಲೆಯ ಫರ್ಶಿ ಕೀಳಲು ಶುರುಮಾಡಿದ.